ಗೋಡೆ ಬರುವ ಮೊದಲೇ ಉಕ್ಕಿದ ಹಾಲು

ಸುಮಾರು ಒಂದು ವರ್ಷ, ಪ್ರತಿ ಶುಕ್ರವಾರ ಸಂಜೆ ನಮ್ಮ ಮನೆಯ ಟೀವಿಯಲ್ಲಿ ಮರುಭೂಮಿ ಬರುತ್ತಿತ್ತು. ನಾನು ಆಫೀಸಿನಿಂದ ಬಂದವಳೇ ಕಿಟಕಿಯ ಪರದೆ ಎಳೆದು, ಮಾವನವರ ಕುರ್ಚಿಯನ್ನು ಟೀವಿಯ ಎದುರಿಗೆ, ಇನ್ನೇನು ಮೂಗು ತಾಗಬೇಕು ಅನ್ನುವಷ್ಟು ಹತ್ತಿರ ಹಾಕುತ್ತಿದ್ದೆ. ನನ್ನ ಗಂಡ ಫೋನಿನಿಂದ ಒಂದೊಂದೇ ಫೋಟೋವನ್ನು ಟೀವಿಗೆ ಕಳಿಸುತ್ತಿದ್ದರು. ಕಂದು ನೆಲ, ಅದರ ಮೇಲೆ ಸುಣ್ಣದ ಗೆರೆ, ಮೂಲೆಗೊಂದು ಗೂಟ, ದೂರದಲ್ಲಿ ತೋಳೆತ್ತಿಕೊಂಡು ನಿಂತ ಜೋಶುವಾ ಮರಗಳು. ಅಷ್ಟೇ. ಆದರೆ ಆ ಬೆಳಕು ಹಜಾರದ ಗೋಡೆಗಳಿಗೆಲ್ಲ ಹರಡಿಕೊಂಡಾಗ, ಹೊರಗೆ ಫ್ರೀವೇ ಮೊರೆಯುತ್ತಿದ್ದರೂ ನಾವು ಮೂವರು ಗಾಳಿಯನ್ನು ಬಿಟ್ಟು ಬೇರೇನೂ ಇಲ್ಲದ ಕಡೆ ಕೂತಿದ್ದೇವೆ ಅನ್ನಿಸುತ್ತಿತ್ತು. ಕುಕ್ಕರಿನ ಸೀಟಿ ಕೂಗಿದಾಗಲೇ ನಾನು ನಾವಿರುವ ಊರಾದ ಸ್ಯಾನ್ ರಮೋನ್‌ಗೆ ವಾಪಸು ಬರುತ್ತಿದ್ದದ್ದು.

ಜಮೀನು ತೆಗೆದುಕೊಂಡದ್ದು ನನ್ನ ಗಂಡ. ಮೊಹಾವಿ ಮರುಭೂಮಿಯ ಅಂಚಿನಲ್ಲಿ, ಹೊಗೆಮಂಜಿನಂಥ ಬೆಟ್ಟಗಳ ಎದುರಿಗೆ ಒಂದು ತುಂಡು ಬಯಲು. ಇಂಟರ್ನೆಟ್ಟಿನಲ್ಲಿ ನೋಡಿ, ಇಂಟರ್ನೆಟ್ಟಿನಲ್ಲೇ ಕೊಂಡು, ಹುಟ್ಟುಹಬ್ಬದ ಉಡುಗೊರೆ ಎಂದು ನನ್ನ ಮುಂದೆ ಹಿಡಿದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಒಂದು ಸೀರೆ ಕೊಡ್ಸಿದ್ರೆ ಆಗ್ತಿರ್ಲಿಲ್ವೇನ್ರೀ?" ಅಂದೆ. ಹುಲ್ಲು ಬೆಳೆಯದ, ನೀರು ಸಿಗದ, ಹಾವು ಚೇಳು ಓಡಾಡುವ ನೆಲ. ಕಾರಿನಲ್ಲಿ ಅರ್ಧ ದಿನದ ದಾರಿ. ಅದೊಂದು ಹುಚ್ಚು ಎಂದು ನಾನು ಅದರ ಸುದ್ದಿಯನ್ನೇ ಬಿಟ್ಟಿದ್ದೆ. ಅದನ್ನು ಮತ್ತೆ ಎತ್ತಿದವರು ಮಾವ.

ನನ್ನ ಮಾವ ಮಂಡ್ಯದ ಕಡೆಯವರು, ಪಿಡಬ್ಲ್ಯುಡಿಯಲ್ಲಿ ಓವರ್‌ಸಿಯರ್ ಆಗಿದ್ದವರು. ಇಸ್ಕೂಲು, ಆಸ್ಪತ್ರೆ, ಪ್ರವಾಸಿ ಮಂದಿರ, ತೂಬು, ಸೇತುವೆ ಅಂತ ಊರೂರಿಗೆ ಕಟ್ಟಿಸಿದರು. ತಾವು ಮಾತ್ರ ವರ್ಗವಾದಲ್ಲೆಲ್ಲ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಅದಿಲ್ಲದಿದ್ದರೆ ಬಾಡಿಗೆ ಮನೆಯಲ್ಲಿ ಬದುಕಿದರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದು ಇದ್ದಾರೆ. "ಇದೂ ನಿಮ್ಮ ಸ್ವಂತ ಮನೆಯೇ ಅಲ್ವಾ ಮಾವ?" ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. "ಇದು ಕೊಂಡಿದ್ದು ಕಣಮ್ಮ, ಕಟ್ಟಿದ್ದಲ್ಲ," ಅನ್ನುತ್ತಾರೆ. ಅವರಿಗೆ ಅವೆರಡೂ ಬೇರೆ ಬೇರೆ.

ಗ್ಲಾಕೋಮಾ ಅವರ ಎಡಗಣ್ಣನ್ನು ಆಗಲೇ ತೆಗೆದುಕೊಂಡಿತ್ತು. ಬಲಗಣ್ಣಿನಲ್ಲಿ ನಡುವೆ ಒಂದು ಬಟ್ಟಲಿನಗಲ ಮಾತ್ರ ಉಳಿದಿತ್ತು, ಸುತ್ತ ಏನೂ ಇಲ್ಲ. ಹನಿ ಹಾಕಿಕೊಂಡು ಅದನ್ನು ಆದಷ್ಟು ದಿನ ಕಾಪಾಡಬಹುದು, ಎಷ್ಟು ದಿನ ಎಂದು ಹೇಳಲಾಗದು, ಎಂದು ಕಣ್ಣಿನ ಡಾಕ್ಟರು ಹೇಳಿದರು. ಅದನ್ನು ಕೇಳಿಕೊಂಡು ಬಂದ ದಿನ ಮಾವ ಊಟಕ್ಕೆ ಕೂತಾಗ ಮಗನನ್ನು ಕೇಳಿದರು.

"ಆ ಬಯಲು ಹಂಗೇ ಬಿದ್ದದಾ?"

"ಅದೆಲ್ಲಿ ಹೋಗುತ್ತೆ ಅಪ್ಪ, ಬಿದ್ದಿದೆ," ಅಂದರು ನನ್ನ ಗಂಡ.

"ಅಲ್ಲೊಂದು ಸಣ್ಣ ಮನೆ ಎಬ್ಬುಸ್ಬುಡಣ. ಒಂದು ಕೋಣೆ, ಅಡುಗೆಮನೆ, ಜಗಲಿ, ಸಾಕು. ನಮ್ದು ಅಂತ ಒಂದು ಕಟ್ಟಡ ನೆಲದಿಂದ ಏಳೋದ್ನ ನೋಡ್ಬುಟ್ರೆ, ಆಮೇಲೆ ಈ ಕಣ್ಣು ಎತ್ಲಾಗಾದ್ರೂ ಹೋಗ್ಲಿ."

ಆಮೇಲೆ ಅನ್ನಕ್ಕೆ ಸಾರು ಕಲಸಿಕೊಂಡರು. ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೆದರಿಸಿಟ್ಟಿದ್ದಾರೆ. ಆದರೂ ಆ ವಾರವೇ ನಾವು ಅಲ್ಲಿ ಮನೆ ಕಟ್ಟಿಕೊಡುವವರನ್ನು ಹುಡುಕತೊಡಗಿದೆವು.

ಮನೆ ಕಟ್ಟಲು ಒಪ್ಪಿದಾಕೆ ಆ ಮರುಭೂಮಿಯ ಸಣ್ಣ ಊರಿನಲ್ಲೇ ಇರುವ ಒಬ್ಬ ಹೆಂಗಸು. ನನಗಿಂತ ಹಿರಿಯಳು, ಬಿಸಿಲಿಗೆ ಒಣಗಿದ ಮುಖ, ಮಾತು ಕಡಿಮೆ. ಕಂಟ್ರಾಕ್ಟರ್ ಎಂದರೆ ಹೆಂಗಸೂ ಇರಬಹುದೆಂದು ಮಾವನಿಗೆ ಮೊದಲು ನಂಬಿಕೆ ಬರಲಿಲ್ಲ. ಪ್ರತಿ ಶುಕ್ರವಾರ ಆ ವಾರದ ಕೆಲಸದ ಫೋಟೋ ಕಳಿಸಬೇಕು ಎಂಬುದು ಅವರದೇ ಷರತ್ತು. ಆಕೆ ಒಂದು ವಾರವೂ ತಪ್ಪಿಸಲಿಲ್ಲ. ಮಾವ ಕೈಯಲ್ಲಿ ಭೂತಗನ್ನಡಿ ಹಿಡಿದು, ಟೀವಿಯ ಮೇಲೆ ಎಡದಿಂದ ಬಲಕ್ಕೆ ಸಾಲು ಸಾಲಾಗಿ ನೋಡುತ್ತ ಹೋಗುತ್ತಿದ್ದರು, ಗದ್ದೆ ಉಳುವವರ ಹಾಗೆ. ಬಟ್ಟಲಿನಗಲದ ನೋಟದಲ್ಲಿ ಇಡೀ ಫೋಟೋ ಒಮ್ಮೆಗೆ ಹಿಡಿಸುವುದಿಲ್ಲವಲ್ಲ. "ಮೂಲೆಮಟ್ಟ ಸರ್ಯಾಗ್ ಇಟ್ಟವ್ಳೆ. ಕಬ್ಬಿಣಕ್ಕೆ ಕೆಳ್ಗೆ ಕಲ್ಲು ಕೊಟ್ಟವ್ಳೆ. ಪರ್ವಾಗಿಲ್ಲ, ಕೆಲ್ಸ ಬತ್ತದೆ," ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬೇರೆಯದನ್ನೇ ನೋಡುತ್ತಿದ್ದೆ. ಆ ಗೂಟಗಳ ನಡುವಿನ ಖಾಲಿ ಜಾಗದಲ್ಲಿ ನಾನಾಗಲೇ ಚಾಪೆ ಹಾಸಿ, ಕಿಟಕಿ ತೆಗೆದು, ಒಂದು ಚೊಂಬು ನೀರಿಟ್ಟುಕೊಂಡು ಮಲಗಿರುತ್ತಿದ್ದೆ. ಮೀಟಿಂಗುಗಳಲ್ಲೂ ಹಾಗೇ ಆಗತೊಡಗಿತು. ಯಾರೋ ನನ್ನ ಅಭಿಪ್ರಾಯ ಕೇಳಿದರೆ ನಾನು ಮರಳಿನಿಂದ ಎದ್ದು ಬರಬೇಕಾಗುತ್ತಿತ್ತು.

ವಸಂತದಲ್ಲಿ ನೆಲಕ್ಕೆ ಕಾಂಕ್ರೀಟು ಹಾಕುವ ದಿನ ಗೊತ್ತಾಯಿತು. ಅದನ್ನು ಮಾವ ಕಣ್ಣಾರೆ ನೋಡಲೇಬೇಕು ಅಂದರು. ನಾವು ಮೂವರೂ ಹೊರಟೆವು. ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳು, ಆಮೇಲೆ ಬಾದಾಮಿ ತೋಟಗಳ ಮುಗಿಯದ ಸಾಲು, ಆಮೇಲೆ ಟೆಹಾಚಪಿ ಬೆಟ್ಟಗಳ ಏರು, ಅದನ್ನು ಇಳಿದರೆ ಇದ್ದಕ್ಕಿದ್ದಂತೆ ಬಯಲು. ಮಾವ ಕಾರಿನ ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದರು. "ಇಲ್ಲಿ ಅಂಚೇ ಇಲ್ಲ," ಅಂದರು. ನಮ್ಮ ಟೌನ್‌ಹೌಸಿನಲ್ಲಿ ಮೇಜಿನ ಅಂಚು, ಬಾಗಿಲ ಅಂಚು, ಮೆಟ್ಟಿಲ ಅಂಚು ಎಲ್ಲವೂ ಅವರ ಮೊಣಕಾಲಿಗೆ ಕಾದು ಕೂತಿರುತ್ತಿದ್ದವು. ಇಲ್ಲಿ ಅವರು ಕಾರಿನಿಂದಿಳಿದು ಕೈ ಬೀಸಿಕೊಂಡು ನಡೆದರು.

ಶುಕ್ರವಾರ ಕಾಂಕ್ರೀಟು ಬಿತ್ತು. ಕಂಟ್ರಾಕ್ಟರ್ ಹೆಂಗಸು ಅದನ್ನು ಕನ್ನಡಿಯಂತೆ ನುಣುಪು ಮಾಡಿ, ಮೇಲೆ ಏನೋ ಬಿಳಿ ದ್ರವವನ್ನು ಸಿಂಪಡಿಸಿ, ಸೋಮವಾರ ಬರುತ್ತೇನೆಂದು ಹೊರಟುಹೋದಳು. ರಾತ್ರಿ ಅಲ್ಲಿನ ಸಣ್ಣ ಊರಿನ ಹೋಟೆಲಿನಲ್ಲಿ ಉಳಿದು, ಶನಿವಾರ ಮಧ್ಯಾಹ್ನ ನಾವು ಮತ್ತೆ ಜಾಗಕ್ಕೆ ಹೋದೆವು. ಅಲ್ಲಿ ಯಾರೂ ಇರಲಿಲ್ಲ. ಆಫೀಸಿನ ಕರೆಯೊಂದಿದೆ ಎಂದು ನನ್ನ ಗಂಡ ಸಿಗ್ನಲ್ ಹುಡುಕಿಕೊಂಡು ಕಾರಿನಲ್ಲಿ ದಿಬ್ಬದ ಕಡೆ ಹೋದರು. ಮಾವ ಕಾಂಕ್ರೀಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಅದರ ಮೇಲೆ ಅಂಗೈ ಇಟ್ಟರು.

"ಕಾದೋಗದೆ ಕಣಮ್ಮ. ನೀರೇ ಬುಟ್ಟಿಲ್ವಲ್ಲ ಇವ್ಳು!"

"ಅದೇನೋ ಸ್ಪ್ರೇ ಮಾಡಿದ್ಲಲ್ಲ ಮಾವ, ಅದೇ ಸಾಕಂತೆ."

"ಬಣ್ಣ ಬಳುದ್ರೆ ದಾಹ ತೀರ್ತದಾ? ಕಾಂಕ್ರೀಟು ನೀರು ಕುಡುದೇ ಗಟ್ಟಿಯಾಗ್ಬೇಕು. ಬೆಳಿಗ್ಗೆ ಸಂಜೆ ನೀರು ನಿಲ್ಲುಸ್ದೆ ಇದ್ದ ಒಂದು ಕಟ್ಟಡನೂ ನನ್ ಕೈಲಿ ಪಾಸಾಗಿಲ್ಲ."

ನಮ್ಮ ಕಡೆ ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಕ್ಯೂರಿಂಗ್ ಎಂಬ ಪದ ಅವರ ಬಾಯಲ್ಲಿ ಮಂತ್ರದ ಹಾಗೆ ಬರುತ್ತದೆ. ನನ್ನಪ್ಪ ಮನೆ ಕಟ್ಟಿಸುವಾಗ ನಾವು ಮಕ್ಕಳು ಇಸ್ಕೂಲಿಗೆ ಹೋಗುವ ಮುಂಚೆ ಗೋಡೆಗೆ ನೀರು ಹಾಕಿ ಹೋಗುತ್ತಿದ್ದೆವು. ಹಾಗಾಗಿ ಮಾವನ ಮಾತು ನನಗೆ ನೂರಕ್ಕೆ ನೂರು ಸರಿ ಅನ್ನಿಸಿತು. ಅಲ್ಲೇ ಕಪ್ಪು ಟ್ಯಾಂಕೊಂದರಲ್ಲಿ ಲಾರಿಯಿಂದ ತುಂಬಿಸಿದ ನೀರಿತ್ತು, ಪೈಪೂ ಇತ್ತು. ಮಾವ ಹೇಳಿಕೊಟ್ಟ ಹಾಗೆ ನಾನು ಮಣ್ಣು ಕಲಸಿ, ಕಾಂಕ್ರೀಟಿನ ಸುತ್ತ ಗೇಣುದ್ದದ ಕಟ್ಟೆ ಕಟ್ಟಿ, ನಡುವೆ ಅಡ್ಡಡ್ಡ ಬದು ಹಾಕಿ ಸೊಪ್ಪಿನ ಮಡಿಯ ಹಾಗೆ ಪಾತಿ ಮಾಡಿದೆ. ಪ್ಯಾಂಟು ಮಂಡಿಯ ತನಕ ಕೆಸರು. ಉಗುರಿನಲ್ಲಿ ಮಣ್ಣು ತುಂಬಿಕೊಂಡು ಎಷ್ಟು ವರ್ಷವಾಗಿತ್ತೋ, ನಾನು ಹಾಡಿಕೊಳ್ಳುತ್ತಿದ್ದೆ. ಆಮೇಲೆ ನಲ್ಲಿ ತಿರುವಿದೆ.

ನೀರು ಪಾತಿಯಿಂದ ಪಾತಿಗೆ ಹರಿದು ನಿಂತಿತು. ಗಾಳಿ ಬಿದ್ದುಹೋಗಿತ್ತು. ಆ ಒಣಬಯಲಿನ ನಡುವೆ ಒಂದು ಮನೆಯಗಲದ ಕೆರೆ, ಅದರ ತುಂಬ ಆಕಾಶ. ಸುತ್ತಲಿನ ಕುರುಚಲು ಗಿಡಗಳಿಗೆ ನೀರು ಸೋಕಿದ್ದೇ ತಡ ಮಳೆಯ ವಾಸನೆ ಎದ್ದಿತು, ಒಂದು ಹನಿ ಮಳೆಯಿಲ್ಲದೆ. ಅಡುಗೆಮನೆ ಎಲ್ಲಿ ಬರಬೇಕೋ ಅಲ್ಲಿ ಒಂದು ಬಿಳಿ ಮೋಡ ನಿಧಾನವಾಗಿ ಹಾದುಹೋಗುತ್ತಿತ್ತು. ಮಾವ ಕತ್ತು ಬಗ್ಗಿಸಿ ಅದರ ಜೊತೆಗೇ ಪಕ್ಕದಲ್ಲಿ ನಡೆದರು, ಅದು ಮಲಗುವ ಕೋಣೆಗೆ ಹೋಗುವವರೆಗೆ. "ನೋಡು, ಮೊದ್ಲ ನೆಂಟ ಬಂದು ಹೋದ," ಅಂದರು. ನನ್ನ ಜೀವಮಾನದಲ್ಲಿ ನಾನು ಅಷ್ಟು ಸುಖವಾಗಿ ಇದ್ದದ್ದು ಕಡಿಮೆ. ನನ್ನ ಗಂಡ ವಾಪಸು ಬಂದು, ಕಾರಿನ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟರು. ಭಾನುವಾರ ಊರಿಗೆ ಬಂದೆವು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಸೋಮವಾರ ಬೆಳಿಗ್ಗೆ ಕಂಟ್ರಾಕ್ಟರ್ ಹೆಂಗಸಿನ ಫೋನು ಬಂತು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ. ಅವಳು ಸಿಂಪಡಿಸಿದ್ದೇ ಆ ಕೆಲಸ ಮಾಡುತ್ತಿತ್ತಂತೆ, ನಾವು ಸುಮ್ಮನೆ ಅವಳ ಟ್ಯಾಂಕು ಬರಿದು ಮಾಡಿದ್ದೆವು. ಆದರೆ ಅವಳ ಸಿಟ್ಟು ಅದಕ್ಕಲ್ಲ. ನೀರಿನ ವಾಸನೆ ಹಿಡಿದು ಒಂದು ಆಮೆ ಬಂದಿತ್ತು. ಮರುಭೂಮಿಯ ಆಮೆ. ಹೊಟ್ಟೆ ತುಂಬ ಕುಡಿದು, ಪಕ್ಕದಲ್ಲಿ ಪೇರಿಸಿಟ್ಟಿದ್ದ ಮರದ ಹಲಗೆಗಳ ಕೆಳಗಿನ ತಂಪಿನಲ್ಲಿ ಸೇರಿಕೊಂಡುಬಿಟ್ಟಿತ್ತು. ಆ ಆಮೆಯನ್ನು ಮುಟ್ಟುವಂತಿಲ್ಲ, ಎತ್ತುವಂತಿಲ್ಲ, ಓಡಿಸುವಂತಿಲ್ಲ, ಅದು ಕಾನೂನು. ಹೆದರಿದರೆ ಒಳಗೆ ಕೂಡಿಟ್ಟುಕೊಂಡ ನೀರನ್ನೆಲ್ಲ ಚೆಲ್ಲಿಬಿಡುತ್ತದಂತೆ, ಆಮೇಲೆ ಬಾಯಾರಿ ಸಾಯುತ್ತದಂತೆ. ಅದು ತಾನಾಗಿ ಹೋಗುವವರೆಗೆ ಕೆಲಸ ನಿಲ್ಲಿಸಬೇಕು. "ಕೆರೆ ಕಟ್ಟಿದವರು ನೀವು, ಈಗ ಕಾಯಿರಿ," ಎಂದು ಆಕೆ ಫೋನಿಟ್ಟಳು.

ಮಾವನಿಗೆ ಮೊದಲ ದಿನ ಸಂಭ್ರಮವೋ ಸಂಭ್ರಮ. "ಕೂರ್ಮ ಕಣಮ್ಮ! ದೇವಸ್ಥಾನ ಕಟ್ಟೋವಾಗ ಪಾಯದಲ್ಲಿ ಕಲ್ಲಿನ ಆಮೆ ಇಡ್ತಾರೆ. ನಮ್ಗೆ ಜೀವ ಇರೋದೇ ಬಂದದೆ!" ಎಂದು ಮೈಸೂರಿನಲ್ಲಿರುವ ಮಗಳಿಗೆ ಫೋನು ಮಾಡಿಸಿದರು. ಆಕೆ ನನ್ನ ಗಂಡನ ಅಕ್ಕ, ಯಾವುದಕ್ಕೂ ಒಂದು ಅಪಶಕುನ ಸಿದ್ಧವಾಗಿಟ್ಟುಕೊಂಡಿರುವವರು. "ಆಮೆ ಹೊಕ್ಕ ಮನೆ ಏಳ್ಗೆ ಆಗಲ್ಲ ಅಂತಾರೆ ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಹೊಕ್ಕೋಕೆ ಮನೆ ಎಲ್ಲಿದೆ ಅಕ್ಕಾ, ಇನ್ನೂ ಬರೀ ನೆಲ," ಅಂದು ನಾನು ಫೋನು ಮಾವನಿಗೆ ಕೊಟ್ಟೆ.

ಆ ಶುಕ್ರವಾರ ಟೀವಿಯಲ್ಲಿ ಆಮೆ ಬಂತು. ಮುಂದಿನ ಶುಕ್ರವಾರವೂ ಅದೇ ಆಮೆ, ಅದೇ ಹಲಗೆ. ಆಮೆಯ ಬಗ್ಗೆ ತಿಳಿದವರೊಬ್ಬರು ಬಂದು ನೋಡಿ, ಸುತ್ತ ಬಣ್ಣದ ಪಟ್ಟಿ ಕಟ್ಟಿ, ತಾಳ್ಮೆಯಿಂದಿರಿ ಎಂದು ಹೋದರಂತೆ. ಅದು ಕೆಲವು ದಿನ ಹೊರಗೆ ಹೋಗಿ ಹೂವು ತಿಂದು ಮತ್ತೆ ನಮ್ಮ ಹಲಗೆಗಳ ಕೆಳಗೇ ಬಂದು ಮಲಗುತ್ತಿತ್ತು. ಫೋಟೋದಲ್ಲಿ ಅದರ ಮುದಿ ಕತ್ತು, ಅರೆಮುಚ್ಚಿದ ಕಣ್ಣು ಕಾಣುತ್ತಿತ್ತು. ನಾನಂತೂ ಅದನ್ನು ಬೈಯಲಾರದೆ ಹೋದೆ. ಅದರ ಆತುರವಿಲ್ಲದ ಮುಖ ನೋಡುತ್ತ ನೋಡುತ್ತ ನನಗೇ ತೂಕಡಿಕೆ ಬರುತ್ತಿತ್ತು.

ಆದರೆ ಮಾವನ ಕಣ್ಣು ಆಮೆಯ ಹಾಗೆ ಕಾಯುವುದಿಲ್ಲವಲ್ಲ. ಬೇಸಿಗೆ ಬರುವ ಹೊತ್ತಿಗೆ ಅವರು ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸತೊಡಗಿದರು. ತೆರೆದಿದ್ದ ಡಿಶ್‌ವಾಶರಿನ ಬಾಗಿಲಿಗೆ ಎಡವಿ ಬಿದ್ದರು. ಬಟ್ಟಲಿನಗಲ ಇದ್ದದ್ದು ಒಂದು ಬಳೆಯಗಲಕ್ಕೆ ಬಂದಿದೆ ಎಂದು ಅವರೇ ಬೆರಳು ಮಡಿಸಿ ತೋರಿಸಿದರು. ಒಂದು ಶುಕ್ರವಾರ ನಾನು ಕುರ್ಚಿ ಹಾಕಿದರೆ ಅವರು ಬರಲೇ ಇಲ್ಲ. ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದರು. "ನೀರು ಬುಡು ಅಂದೋನು ನಾನೇ," ಅಂದರು. "ಕೈಗೆ ಬಂದ ತುತ್ತು ಬಾಯಿಗೆ ಬರದಂಗೆ ನಾನೇ ಮಾಡ್ಕೊಂಡೆ." ಪಾತಿ ಕಟ್ಟಿದ್ದು ನಾನಲ್ಲವೇ ಮಾವ, ಅಂದೆ. ಅವರು ಕಟ್ಟೆಯ ಸಿಮೆಂಟನ್ನು ಅಂಗೈಯಿಂದ ಸವರುತ್ತ ಕೂತರು. ನಾನು ಒಳಗೆ ಹೋಗಿ ಟೀವಿ ಆರಿಸಿದೆ.

ಕೊನೆಗೊಂದು ವಾರ ಆಮೆ ಹೋಯಿತು. ಬಿಸಿಲು ಜಾಸ್ತಿಯಾಗಿ, ದೂರದಲ್ಲೆಲ್ಲೋ ಇದ್ದ ತನ್ನ ಬಿಲಕ್ಕೆ ಸೇರಿಕೊಂಡಿತಂತೆ. ಕಂಟ್ರಾಕ್ಟರ್ ಹೆಂಗಸು ಜಾಗದ ಸುತ್ತ ಬಲೆಯ ಬೇಲಿ ಹಾಕಿದಳು. ಅಷ್ಟರಲ್ಲಿ ಆಕೆಗೆ ಬೇರೊಂದು ಮನೆಯ ಕೆಲಸ ಶುರುವಾಗಿತ್ತು, ಅದನ್ನು ನಡುವೆ ಬಿಡುವ ಹಾಗಿರಲಿಲ್ಲ. ನಮ್ಮ ಕಡೆ ಅವಳು ತಿರುಗಿದ್ದು ಚಳಿ ಬೀಳುವ ಕಾಲಕ್ಕೆ.

ಆಮೇಲೆ ಮಾತ್ರ ಕೆಲಸ ಬಿರುಸಾಯಿತು. ಟೀವಿಯಲ್ಲಿ ಒಂದು ವಾರ ಬರೀ ನೆಲ, ಮುಂದಿನ ವಾರ ಆ ನೆಲದ ಮೇಲೆ ಒಂದು ಮರದ ಅಸ್ಥಿಪಂಜರ. ಇಲ್ಲಿನ ಮನೆಗಳು ಹಾಗೇ ಅಲ್ಲವೇ. ಉದ್ದುದ್ದ ಮರದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಆಮೇಲೆ ಎರಡೂ ಕಡೆ ಹಲಗೆ ಹೊಡೆದು ಗೋಡೆ ಅನ್ನುತ್ತಾರೆ. ಕಲ್ಲು ಇಟ್ಟಿಗೆಯ ಮನುಷ್ಯರಾದ ಮಾವ ಇದನ್ನು ಮೊದಲಿನಿಂದಲೂ ಕಡ್ಡಿಪೆಟ್ಟಿಗೆ ಎಂದು ಆಡಿಕೊಳ್ಳುತ್ತಿದ್ದರು. ಈಗ ಭೂತಗನ್ನಡಿ ಹಿಡಿದು ಟೀವಿಗೆ ಮುಖ ತಾಗಿಸಿದರೂ ಒಂದು ಕಂಬ ಬಿಟ್ಟರೆ ಪಕ್ಕದ ಕಂಬ ಅವರಿಗೆ ಕಾಣುತ್ತಿರಲಿಲ್ಲ. ನಾನು ಬಾಯಲ್ಲಿ ಹೇಳುತ್ತಿದ್ದೆ. ಇಲ್ಲಿ ಕಿಟಕಿಗೆ ಜಾಗ ಬಿಟ್ಟಿದ್ದಾಳೆ ಮಾವ, ಇಲ್ಲಿ ಸೂರಿಗೆ ತೊಲೆ ಏರಿಸಿದ್ದಾಳೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಆ ತಿಂಗಳೇ ಡಾಕ್ಟರ ಹತ್ತಿರ ಹೋಗಬೇಕಿತ್ತು. ಮನೆ ಪೂರ್ತಿ ಮುಗಿಯುವುದು ಮುಂದಿನ ವಸಂತಕ್ಕೆ. ಆ ಹೊತ್ತಿಗೆ ಬೆಳಕು ನೆರಳಿನ ವ್ಯತ್ಯಾಸವಷ್ಟೇ ಉಳಿದಿರಬಹುದು, ಎಂದರು ಡಾಕ್ಟರು. ವಾಪಸು ಬರುವಾಗ 680 ಫ್ರೀವೇಯಲ್ಲಿ ಕಾರುಗಳು ಒಂದರ ಹಿಂದೊಂದು ನಿಂತುಬಿಟ್ಟಿದ್ದವು. ಹಿಂದಿನ ಸೀಟಿನಿಂದ ಮಾವ ಹೇಳಿದರು.

"ಹಾಲು ಈಗ್ಲೇ ಉಕ್ಕುಸ್ಬುಡಣ."

ನನ್ನ ಗಂಡ ಕನ್ನಡಿಯಲ್ಲಿ ನೋಡಿದರು. "ಈಗ್ಲೇ ಅಂದ್ರೆ? ಸೂರಿಲ್ಲ, ಗೋಡೆಯಿಲ್ಲ. ಗೃಹಪ್ರವೇಶ ಅಂದ್ಮೇಲೆ ಒಳಗೆ ಹೋಗೋಕೆ ಒಂದು ಬಾಗಿಲಾದ್ರೂ ಬೇಡ್ವಾ ಅಪ್ಪ?"

"ಬಾಗ್ಲು ಆಮೇಲೂ ಬತ್ತದೆ. ಕಣ್ಣು ಬರಾಕಿಲ್ಲ."

ಅದಕ್ಕೆ ನನ್ನ ಗಂಡ ಮುಹೂರ್ತ, ಪುರೋಹಿತರು ಎಂದು ಬಾಯಿ ತೆರೆದರು. ನನಗೆ ರೇಗಿತು. "ಶನಿವಾರ ಉಕ್ಕಿಸೋಣ. ಯಾರನ್ನೂ ಕೇಳೋದು ಬೇಡ," ಅಂದೆ. ಕಂಟ್ರಾಕ್ಟರ್ ಹೆಂಗಸಿಗೆ ಫೋನು ಮಾಡಿ ಹೇಳಿದಾಗ ಆಕೆ ಮೊದಲು, ಹಾಲು ಉಕ್ಕಿಸುವುದೆಂದರೆ ಏನು ಎಂದು ಕೇಳಿದಳು. ಆಮೇಲೆ, ತಲೆಗೆ ಹೆಲ್ಮೆಟ್ಟು ಹಾಕಿಕೊಳ್ಳಬೇಕು, ಬೆಂಕಿ ಹಚ್ಚುವಾಗ ತಾನೂ ಇರುತ್ತೇನೆ, ಅಂದಳು.

ಹಾಗೆ ಶುಕ್ರವಾರ ರಾತ್ರಿಯೇ ಆ ಊರು ಸೇರಿ, ಶನಿವಾರ ಸೂರ್ಯ ಹುಟ್ಟುವ ಮೊದಲು, ನಾನು ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು, ಜಾಕೆಟ್ಟಿನ ಮೇಲೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಮರುಭೂಮಿಯಲ್ಲಿ ನಿಂತಿದ್ದೆ. ಮಾವ ಜರಿ ಪಂಚೆ ಉಟ್ಟು, ಶಾಲು ಹೊದ್ದು, ಅವರೂ ಹೆಲ್ಮೆಟ್ಟು. ಇಂಡಿಯನ್ ಗ್ರೋಸರಿಯಿಂದ ತಂದ ಮಾವಿನೆಲೆಯನ್ನು ದಾರಕ್ಕೆ ಪೋಣಿಸಿ ಬಾಗಿಲು ಬರಬೇಕಾದ ಕಡೆ ಎರಡು ಕಂಬಗಳ ನಡುವೆ ಕಟ್ಟಿದೆವು. ಕೆಳಗೆ ಅಡ್ಡಲಾಗಿ ಒಂದು ಮರದ ಪಟ್ಟಿಯಿತ್ತು. ಅದೇ ಹೊಸ್ತಿಲೆಂದು ನಾನು ಅರಿಸಿನ ಬಳಿದು, ಕುಂಕುಮವಿಟ್ಟು, ಹೂವಿಟ್ಟು, ಕೈ ಮುಗಿದೆ. ಎಲ್ಲ ಆದ ಮೇಲೆ ಆಕೆ ಮೆಲ್ಲಗೆ, ಬಾಗಿಲು ಕೂರಿಸುವಾಗ ಅದನ್ನು ಗರಗಸದಿಂದ ಕತ್ತರಿಸಿ ತೆಗೆದುಹಾಕುತ್ತಾರೆ, ಅಂದಳು. ನನ್ನ ಮುಖ ನೋಡಿ, ಆ ತುಂಡನ್ನು ನಿಮಗೇ ಕೊಡುತ್ತೇನೆ, ಅಂತಲೂ ಸೇರಿಸಿದಳು. ನಾವು ಮೂವರೂ ಬಲಗಾಲಿಟ್ಟು ಅದನ್ನು ದಾಟಿದೆವು.

ಅಡುಗೆಮನೆಯ ಜಾಗದಲ್ಲಿ ಸಣ್ಣ ಗ್ಯಾಸ್ ಒಲೆಯ ಮೇಲೆ ಹೊಸ ಪಾತ್ರೆಯಲ್ಲಿ ಹಾಲಿಟ್ಟೆ. ಗಾಳಿಗೆ ಉರಿ ಒಂದೇ ಸಮ ಆರಿಹೋಗುತ್ತಿತ್ತು. ಆಕೆ ತನಗೆ ತೋಚಿದ ಹಾಗೆ ಒಂದು ಪ್ಲೈವುಡ್ ಹಲಗೆ ತಂದು ಗಾಳಿಗೆ ಅಡ್ಡ ಹಿಡಿದು ನಿಂತಳು. ಮಾವ ಪಾತ್ರೆಯ ಮೇಲೆ ಬಾಗಿದ್ದರು. ಕನ್ನಡಕಕ್ಕೆ ಆವಿ ಹತ್ತಿದರೆ ಪಂಚೆಯ ತುದಿಯಿಂದ ಒರೆಸಿ ಮತ್ತೆ ಬಾಗುತ್ತಿದ್ದರು. ಇಡೀ ಲೋಕದಲ್ಲಿ ಅವರಿಗೆ ಆಗ ಕಾಣುತ್ತಿದ್ದದ್ದು ಆ ಪಾತ್ರೆಯ ಬಾಯಿಯಷ್ಟೇ. ಹಾಲು ಅಂಚಿನಿಂದ ನಡುಗಿ, ನೊರೆಯಾಗಿ ಎದ್ದು, ಪೂರ್ವದ ಕಡೆಗೆ ಉಕ್ಕಿ ಕಾಂಕ್ರೀಟಿನ ಮೇಲೆ ಹರಿಯಿತು. "ಉಕ್ತು! ಉಕ್ತು!" ಎಂದು ಅವರು ಚಪ್ಪಾಳೆ ತಟ್ಟಿದರು. ಆಕೆಯೂ ಹಲಗೆ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ನನ್ನ ಗಂಡ ಹೆಲ್ಮೆಟ್ಟು ತೆಗೆದು ಅಪ್ಪನ ಕಾಲಿಗೆ ಬಿದ್ದು, ಎದ್ದು ಮತ್ತೆ ಹಾಕಿಕೊಂಡರು.

ಆಮೇಲೆ ಮಾವ ಮನೆಯನ್ನು ನೋಡಲು ಹೊರಟರು. ಬಾಗಿಲ ಜಾಗ ಅವರಿಗೆ ಬೇಕಾಗಲೇ ಇಲ್ಲ. ಒಂದೊಂದು ಕಂಬದ ಹತ್ತಿರ ಹೋಗಿ, ಬುಡದಿಂದ ತಲೆಯವರೆಗೆ ನೋಡಿ, ಮೊಳೆ ನೋಡಿ, ಗಂಟು ನೋಡಿ, ಅಂಗೈಯಿಂದ ತಟ್ಟಿ, ಆಮೇಲೆ ಮೈ ಅಡ್ಡ ತಿರುಗಿಸಿ ಎರಡು ಕಂಬಗಳ ಸಂದಿನಿಂದ ಆಚೆ ಕೋಣೆಗೆ ಹೋಗಿಬಿಡುತ್ತಿದ್ದರು. ಅಡುಗೆಮನೆಯಿಂದ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲಿಗೆ, ಬಚ್ಚಲಿನಿಂದ ಜಗಲಿಗೆ. ನಾನು ಸೆರಗು ಸಿಕ್ಕಿಸಿಕೊಳ್ಳುತ್ತ, ಬಿಡಿಸಿಕೊಳ್ಳುತ್ತ ಅವರ ಹಿಂದೆಯೇ ಗೋಡೆಗಳನ್ನು ಹಾಯ್ದೆ. ನನ್ನ ಗಂಡನಿಗೆ ಹೊಟ್ಟೆ ಅಡ್ಡ ಬಂದು ಪ್ರತಿ ಸಲವೂ ಸುತ್ತು ಹಾಕಿಕೊಂಡು ಬರಬೇಕಾಯಿತು. ಕನಸಿನಲ್ಲಿ ಮಾತ್ರ ಹಾಗೆ ಒಂದು ಮನೆಯಲ್ಲಿ ಓಡಾಡಲು ಆಗುತ್ತದೆ.

"ಕಟ್ಟಡದ ಒಳ್ಗಿನ ಚೆಂದ ಮೇಸ್ತ್ರಿಗೂ ಓವರ್‌ಸಿಯರ್‌ಗೂ ಮಾತ್ರ ಕಾಣೋದು ಕಣಮ್ಮ. ಇರೋರಿಗೆ ಬರೀ ಸುಣ್ಣಬಣ್ಣ," ಅಂದರು.

ಅಷ್ಟರಲ್ಲಿ ಬೆಟ್ಟದ ಮೇಲೆ ಸೂರ್ಯ ಬಂದ. ಕಂಬಗಳ ನೆರಳು ಪಟ್ಟೆ ಪಟ್ಟೆಯಾಗಿ ನೆಲದ ಉದ್ದಕ್ಕೂ ಚಾಚಿ, ನಮ್ಮ ಮೈಮೇಲೆಲ್ಲ ಬಿತ್ತು. ಮಾವ ಎರಡು ಕಂಬಗಳನ್ನು ಎರಡು ಕೈಯಲ್ಲಿ ಹಿಡಿದು, ಆ ಸಂದಿನಿಂದ ಬೆಳಕನ್ನು ನೋಡುತ್ತ ನಿಂತರು. ಎಷ್ಟೋ ಹೊತ್ತಿನ ಮೇಲೆ ಈ ಕಡೆ ತಿರುಗಿದರು.

"ಸಾಕು. ನೋಡ್ದೆ. ಇನ್ನು ಮುಚ್ಚುಸ್ರಿ."

ಒಣಗಿದ ತುಟಿಗಳಲ್ಲಿ ನಗುತ್ತಿದ್ದರು. ಉಕ್ಕಿ ಉಳಿದ ಹಾಲಿಗೆ ಸಕ್ಕರೆ ಹಾಕಿ ನಾಲ್ಕು ಜನವೂ ಪೇಪರ್ ಲೋಟದಲ್ಲಿ ಕುಡಿದೆವು.

ಮನೆ ವಸಂತಕ್ಕೆ ಮುಗಿಯಿತು. ಹೊರಗೆ ಮಣ್ಣಿನದೇ ಬಣ್ಣ, ಒಳಗೆ ಬಿಳಿ. ಕೀಲಿಕೈ ತೆಗೆದುಕೊಳ್ಳಲು ಹೋದಾಗ ಮಾವನಿಗೆ ಕಿಟಕಿ ಯಾವ ಕಡೆ ಇದೆ ಎಂಬಷ್ಟು ಬೆಳಕು ಮಾತ್ರ ಗೊತ್ತಾಗುತ್ತಿತ್ತು. ಆದರೂ ಮುಖದಲ್ಲಿ ದುಃಖವಿರಲಿಲ್ಲ. ಒಳಗೆ ಕರೆದುಕೊಂಡು ಹೋದಾಗ, "ನಂಗೆ ಗೊತ್ತದೆ ಬುಡ್ರಿ," ಎಂದು ನಮ್ಮಿಬ್ಬರನ್ನೂ ದೂರ ನಿಲ್ಲಿಸಿ ತಾವೇ ನಡೆದರು. ಬಾಗಿಲಿನಿಂದ ಅಡುಗೆಮನೆಯವರೆಗೆ ಎಲ್ಲೂ ತಡವರಿಸಲಿಲ್ಲ. ನನ್ನ ಗಂಡ ಪೆಟ್ಟಿಗೆಗಳನ್ನು ತರಲು ಹೊರಗೆ ಹೋದರು. ನಾನು ಒಲೆಯ ಹತ್ತಿರ ಪಾತ್ರೆ ಜೋಡಿಸುತ್ತಿದ್ದೆ. ಮಾವ ಮಲಗುವ ಕೋಣೆಗೆ ಹೋಗುತ್ತೇನೆಂದು ಹೊರಟು, ಮೈಯನ್ನು ಸ್ವಲ್ಪ ಅಡ್ಡ ತಿರುಗಿಸಿ, ಧೈರ್ಯವಾಗಿ ಒಂದು ಹೆಜ್ಜೆ ಇಟ್ಟರು. ಅವರ ಭುಜ, ಆಮೇಲೆ ಹಣೆ ಗೋಡೆಗೆ ಬಡಿದವು.

ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದೆ. ಅವರು ಬಿದ್ದಿರಲಿಲ್ಲ. ಹಣೆ ಉಜ್ಜಿಕೊಳ್ಳುತ್ತ ನಿಂತಿದ್ದರು.

"ಇಲ್ಲಿ ದಾರಿ ಇತ್ತಲ್ಲಮ್ಮ," ಅಂದರು.

ನನಗೆ ಅಳು ಒತ್ತರಿಸಿ ಬಂತು. "ಇತ್ತು ಮಾವ. ಈಗ ಮುಚ್ಚಿದ್ದಾರೆ."

ಅವರು ಅಂಗೈ ಚಾಚಿ ಗೋಡೆಯನ್ನು ಮುಟ್ಟಿದರು. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ನಿಧಾನವಾಗಿ ಸವರಿದರು. ಬೆರಳ ಗೆಣ್ಣಿನಿಂದ ಒಂದೆರಡು ಕಡೆ ತಟ್ಟಿ ಕಿವಿಗೊಟ್ಟರು. ಆಮೇಲೆ ಗೋಡೆಯ ಮೇಲಿದ್ದ ಕೈಯನ್ನು ತೆಗೆದು ನನ್ನ ಕಡೆ ನೀಡಿದರು.

"ಚೆನ್ನಾಗ್ ಮುಚ್ಚವ್ಳೆ. ಬಾಗ್ಲು ಎತ್ಲಾಗದೆ, ತೋರ್ಸು ಬಾ."